ಕವೆಗೋಲು ಕತ್ತರಿಸಿದ ಮೇಲೆ

ಗುಲಾಮಗಿರಿಯಿಂದ ಮಗುವನ್ನು ಬಿಡಿಸುವುದು ಒಂದು ದಿನದ ಕೆಲಸ. ಬಿಡಿಸಿದ ಮಗುವನ್ನು ಉಳಿಸಿಕೊಳ್ಳುವುದು ವರ್ಷಗಳ ಕೆಲಸ. ನೂರೈವತ್ತು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಕಾಡುದಾರಿಗಳಲ್ಲಿ ಇಬ್ಬರು ವೈದ್ಯರು ಕಂಡುಕೊಂಡ ಈ ಪಾಠ ನಮ್ಮ ಜೀತವಿಮುಕ್ತಿಯ ಕಡತಗಳಿಗೂ ಅನ್ವಯಿಸುತ್ತದೆ.

1861ರ ಜುಲೈ ತಿಂಗಳು. ಇಂದಿನ ಮಲಾವಿ ದೇಶದಲ್ಲಿ, ಶಿರೆ ನದಿಯ ಮೇಲಣ ಗುಡ್ಡಸೀಮೆಯ ಎಂಬಾಮೆ ಎಂಬ ಹಳ್ಳಿ. ಗುಡ್ಡದ ಬದಿಯಿಂದ ಇಳಿದುಬಂದ ಸಾಲೊಂದರಲ್ಲಿ ಕೈ ಕಟ್ಟಿಸಿಕೊಂಡ ಗಂಡಸರು, ಹೆಂಗಸರು, ಮಕ್ಕಳು ಇದ್ದರು. ಕೋವಿ ಹಿಡಿದು ಅವರನ್ನು ಅಟ್ಟಿಕೊಂಡು ಬರುತ್ತಿದ್ದವರು ಎದುರಿಗೆ ಬಿಳಿಯರ ತಂಡವನ್ನು ಕಂಡದ್ದೇ ಕಾಡಿಗೆ ಓಡಿದರು. ಹಿಂದೆ ಉಳಿದವರು 84 ಮಂದಿ. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಅವರ ಕೈಗಳ ಹಗ್ಗವನ್ನು ಚಾಕುವಿನಿಂದ ಕೊಯ್ಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಂಡಸರ ಕೊರಳಲ್ಲಿದ್ದ ಕವೆಗೋಲು ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಆರೇಳು ಅಡಿ ಉದ್ದದ ದಪ್ಪ ಮರ, ಅದರ ಎರಡು ಕವಲುಗಳ ನಡುವೆ ಕುತ್ತಿಗೆ, ಗಂಟಲಿನ ಮುಂದೆ ಅಡ್ಡಕ್ಕೆ ಒಂದು ಕಬ್ಬಿಣದ ಸರಳು, ಸರಳಿನ ಎರಡೂ ತುದಿ ಬಡಿದು ಬಿಗಿದದ್ದು. ತಂಡದಲ್ಲಿದ್ದ ಬಿಷಪ್ ಮೆಕೆಂಜಿಯವರ ಸಾಮಾನಿನಲ್ಲಿ ಒಂದು ಗರಗಸ ಸಿಕ್ಕಿತು. ಒಬ್ಬೊಬ್ಬರ ಕೊರಳನ್ನೂ ಅದರಿಂದಲೇ ಬಿಡಿಸಿದರು. ಬಿಡುಗಡೆಯಾದ ಹೆಂಗಸರು ಅದೇ ಕವೆಗೋಲುಗಳನ್ನು ಒಲೆಗೆ ಒಟ್ಟಿ ಬೆಳಗಿನ ಅಡುಗೆ ಮಾಡಿದರು. ಆ ತಂಡದ ಮುಖ್ಯಸ್ಥ ಡೇವಿಡ್ ಲಿವಿಂಗ್‌ಸ್ಟನ್ ಎಂಬ ವೈದ್ಯ. ಅವರ ಯಾತ್ರೆಯ ಇನ್ನೊಬ್ಬ ವೈದ್ಯ, ಸಸ್ಯಶಾಸ್ತ್ರಜ್ಞನೂ ಆಗಿದ್ದ ಜಾನ್ ಕಿರ್ಕ್.

ಕಥೆಯನ್ನು ಆ ಒಲೆಯ ಬಳಿ ನಿಲ್ಲಿಸಿಬಿಟ್ಟರೆ ಎಲ್ಲರಿಗೂ ಸಮಾಧಾನ. ಲಿವಿಂಗ್‌ಸ್ಟನ್‌ರನ್ನು ಹೊಗಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಪ್ರಸಂಗದ ತಿರುಳು ಇರುವುದು ಮುಂದಿನ ಎರಡು ವರ್ಷಗಳಲ್ಲಿ. ಗರಗಸಕ್ಕೆ ಮರ ಮಣಿಯಿತು. ಜ್ವರ, ಆಮಶಂಕೆ, ಬರ ಇವು ಯಾವ ಗರಗಸಕ್ಕೂ ಮಣಿಯಲಿಲ್ಲ. ಮಕ್ಕಳನ್ನು ಗುಲಾಮಗಿರಿಯಿಂದ ಬಿಡಿಸುವುದನ್ನು ನಾವು ಪೊಲೀಸ್ ದಾಳಿಯ, ನ್ಯಾಯಾಲಯದ ಆದೇಶದ ಕೆಲಸ ಎಂದು ಭಾವಿಸಿದ್ದೇವೆ. ಅದು ಅದರಷ್ಟೇ ಮಟ್ಟಿಗೆ ವೈದ್ಯರ ಕೆಲಸವೂ ಹೌದು, ಅದರಲ್ಲೂ ದಾರಿ ಇಲ್ಲದ ಊರಿಗೆ ಔಷಧ ಹೊತ್ತುಕೊಂಡು ಹೋಗುವ ವೈದ್ಯರ ಕೆಲಸ ಎಂಬುದು ಈ ಲೇಖನದ ವಾದ. ಈ ವಾದಕ್ಕೆ ಲಿವಿಂಗ್‌ಸ್ಟನ್ ಮತ್ತು ಕಿರ್ಕ್ ಇಬ್ಬರ ಗೆಲುವೂ ಸಾಕ್ಷಿ, ಸೋಲೂ ಸಾಕ್ಷಿ.

ಗಿರಣಿಯ ಹುಡುಗ, ಕೊಯಿನಾ ಗುಳಿಗೆ

ಲಿವಿಂಗ್‌ಸ್ಟನ್ ಹುಟ್ಟಿದ್ದು 1813ರಲ್ಲಿ, ಸ್ಕಾಟ್ಲೆಂಡಿನ ಬ್ಲಾಂಟೈರ್ ಎಂಬ ಗಿರಣಿ ಊರಿನಲ್ಲಿ. ಹತ್ತನೇ ವಯಸ್ಸಿಗೆ ಹತ್ತಿಗಿರಣಿ ಸೇರಿದ ಅವರ ಕೆಲಸ, ನೂಲುವ ಯಂತ್ರದಲ್ಲಿ ಎಳೆ ಕಡಿದಾಗಲೆಲ್ಲ ಬಗ್ಗಿ ಅದನ್ನು ಜೋಡಿಸುವುದು. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಎಂಟರವರೆಗೆ. ಆಮೇಲೆ ರಾತ್ರಿ ಶಾಲೆ. ಮೊದಲ ಕೂಲಿಯ ಹಣದಲ್ಲಿ ಲ್ಯಾಟಿನ್ ವ್ಯಾಕರಣದ ಪುಸ್ತಕ ಕೊಂಡು, ಅದನ್ನು ಯಂತ್ರದ ಮೇಲೆ ಆನಿಸಿಟ್ಟು, ಓಡಾಡುತ್ತಲೇ ಒಂದೊಂದು ವಾಕ್ಯ ಓದುತ್ತಿದ್ದರು. ಇಂದಿನ ಕಾನೂನಿನ ಕಣ್ಣಲ್ಲಿ ಅವರೊಬ್ಬ ಬಾಲಕಾರ್ಮಿಕ. 1840ರಲ್ಲಿ ಗ್ಲಾಸ್ಗೋದಲ್ಲಿ ವೈದ್ಯ ಪರವಾನಗಿ ಪಡೆದು ಮರುವರ್ಷ ದಕ್ಷಿಣ ಆಫ್ರಿಕಾ ತಲುಪಿದರು. ಧರ್ಮಪ್ರಚಾರಕರಾಗಿ ಹೋದವರು ನಿಜ. ಆದರೆ ಅಲ್ಲಿನ ಹಳ್ಳಿಗಳು ಅವರ ಬಳಿ ಬರುತ್ತಿದ್ದುದು ಹುಣ್ಣು, ಕಣ್ಣುಬೇನೆ, ಜ್ವರಗಳನ್ನು ಹೊತ್ತುಕೊಂಡು.

ವೈದ್ಯರಾಗಿ ಅವರ ಮುಖ್ಯ ಕೊಡುಗೆ ಚಳಿಜ್ವರದ ಚಿಕಿತ್ಸೆ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ಜಗತ್ತಿಗೆ ತಿಳಿಯಲು ಇನ್ನೂ ನಾಲ್ಕು ದಶಕ ಬಾಕಿ ಇದ್ದ ಕಾಲ ಅದು. ಯುರೋಪಿನಿಂದ ಪಶ್ಚಿಮ ಆಫ್ರಿಕಾದ ನದಿಗಳಿಗೆ ಹೊರಟ ತಂಡಗಳು ಕೆಲವೇ ವಾರಗಳಲ್ಲಿ ಜ್ವರಕ್ಕೆ ಸಿಕ್ಕಿ ನೆಲಕಚ್ಚುತ್ತಿದ್ದವು. ಲಿವಿಂಗ್‌ಸ್ಟನ್ ಕೊಯಿನಾವನ್ನು, ಅಂದರೆ ಕ್ವಿನೈನ್ ಅನ್ನು, ಭೇದಿ ಮಾಡಿಸುವ ಕ್ಯಾಲೊಮೆಲ್, ಜಲಾಪ್, ರೂಬಾರ್ಬ್‌ಗಳ ಜೊತೆ ಸೇರಿಸಿ ಗುಳಿಗೆ ಕಟ್ಟಿದರು. ಅಂಜಿ ಅಂಜಿ ಚಿಟಿಕೆಯಷ್ಟು ಕೊಡುವ ಬದಲು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬರುವವರೆಗೂ ಧೈರ್ಯವಾಗಿ ಕೊಡುವುದು ಅವರ ಪದ್ಧತಿ. ಈ ಗುಳಿಗೆ ಮುಂದೆ ಅವರ ಹೆಸರಿನಲ್ಲೇ ಮಾರಾಟವಾಯಿತು. ಗುಲಾಮ ವ್ಯಾಪಾರ ನಡೆಯುತ್ತಿದ್ದ ಒಳನಾಡಿಗೆ ಹೊರಗಿನ ಕಣ್ಣೊಂದು ತಲುಪಿ, ಅಲ್ಲಿ ವರ್ಷಗಟ್ಟಲೆ ಉಳಿದು, ಕಂಡದ್ದನ್ನು ಬರೆದಿಡಲು ಸಾಧ್ಯವಾದದ್ದು ಈ ಔಷಧದಿಂದ. ದೂರದ ಊರಿನ ವೈದ್ಯಕೀಯಕ್ಕೂ ಗುಲಾಮಗಿರಿಯನ್ನು ಬಯಲಿಗೆಳೆಯುವುದಕ್ಕೂ ಇದು ಮೊದಲ ಕೊಂಡಿ: ವೈದ್ಯ ಹೋಗಲಾರದ ಕಡೆಗೆ ಸಾಕ್ಷಿಯೂ ಹೋಗುವುದಿಲ್ಲ.

ಬಿಡುಗಡೆಯಾದವರ ಜ್ವರ

ಎಂಬಾಮೆಯಲ್ಲಿ ಬಿಡುಗಡೆಯಾದವರನ್ನು ಮೆಕೆಂಜಿಯವರ ಮಿಷನ್ ಮಗೊಮೆರೊ ಎಂಬಲ್ಲಿಗೆ ಕರೆದೊಯ್ದು ನೆಲೆಯೂರಿಸಿತು. ಜಾಗ ತಗ್ಗಿನದು, ಗುಡಿಸಲುಗಳು ಇಕ್ಕಟ್ಟು, ಕೊಳಕು ಹರಿದುಹೋಗಲು ದಾರಿಯಿಲ್ಲ. ಬೇರೆ ಕಡೆ ಬಿಡಿಸಿದವರೂ ಬಂದು ಸೇರಿಕೊಂಡರು. ಭೇದಿ, ಆಮಶಂಕೆ ಹಬ್ಬಿತು. ಮಕ್ಕಳು ಒಬ್ಬೊಬ್ಬರಾಗಿ ಸಾಯತೊಡಗಿದರು. 1862ರ ಜನವರಿಯಲ್ಲಿ ಮೆಕೆಂಜಿ ಮತ್ತು ಅವರ ಸಂಗಾತಿಯ ದೋಣಿ ಮಗುಚಿ ಔಷಧಗಳೆಲ್ಲ ನೀರುಪಾಲಾದವು. ಕೊಯಿನಾ ಇಲ್ಲದೆ ಬಿಷಪ್ ಜ್ವರದಲ್ಲೇ ತೀರಿಕೊಂಡರು. ಸಂಗಾತಿಯೂ ಹೆಚ್ಚು ದಿನ ಉಳಿಯಲಿಲ್ಲ. ಗರಗಸ ತಂದ ಮನುಷ್ಯ ಗುಳಿಗೆ ಇಲ್ಲದೆ ಸತ್ತರು. ಅದೇ ಏಪ್ರಿಲ್‌ನಲ್ಲಿ ಲಿವಿಂಗ್‌ಸ್ಟನ್‌ರ ಹೆಂಡತಿ ಮೇರಿ ಕೂಡ ಜಾಂಬೆಜಿ ದಂಡೆಯ ಶುಪಂಗಾದಲ್ಲಿ ಚಳಿಜ್ವರಕ್ಕೆ ಬಲಿಯಾದರು. ಆಮೇಲೆ ಬಂದದ್ದು ಬರಗಾಲ. ಗುಲಾಮರನ್ನು ಹಿಡಿಯುವವರು ಸುಟ್ಟ ಊರುಗಳಲ್ಲಿ ಬಿತ್ತುವವರೇ ಇರಲಿಲ್ಲ. 1863ರಲ್ಲಿ ಶಿರೆ ನದಿಯಲ್ಲಿ ತೇಲಿಬರುತ್ತಿದ್ದ ಹೆಣಗಳು ಹಡಗಿನ ಚಕ್ರಗಳಿಗೆ ಸಿಕ್ಕಿಕೊಳ್ಳುತ್ತಿದ್ದವು; ಬೆಳಿಗ್ಗೆ ಅವನ್ನು ಬಿಡಿಸಿದ ಮೇಲೆಯೇ ಹಡಗು ಮುಂದಕ್ಕೆ ಸಾಗುತ್ತಿತ್ತು. ಕೊನೆಗೆ ಮಿಷನ್ನೇ ಒಳನಾಡನ್ನು ಬಿಟ್ಟು ಜಂಜಿಬಾರಿಗೆ ಹೊರಟಿತು. ಹೊಸ ಬಿಷಪ್ಪರಿಗೆ ಹೊರೆಯಾಗಿ ಕಂಡ ಅನಾಥ ಮಕ್ಕಳನ್ನೂ ವಿಧವೆಯರನ್ನೂ ಲಿವಿಂಗ್‌ಸ್ಟನ್ ತಮ್ಮ ಜೊತೆ ಕರೆದುಕೊಂಡು ಬಂದರು. ಅಲ್ಲೇ ಬಿಟ್ಟರೆ ಅವರು ಮತ್ತೆ ಅದೇ ಕವೆಗೋಲಿಗೆ ಬೀಳುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಇದೇ ಹೊತ್ತಿನಲ್ಲಿ ಬಿಡುಗಡೆಯ ಇನ್ನೊಂದು ಬಗೆ ನಮ್ಮ ನೆಲದಲ್ಲಿ ನಡೆಯುತ್ತಿತ್ತು. ಹಿಂದೂ ಮಹಾಸಾಗರದಲ್ಲಿ ಬ್ರಿಟಿಷ್ ನೌಕಾಪಡೆ ತಡೆದ ಹಾಯಿಹಡಗುಗಳಲ್ಲಿ ಮಕ್ಕಳು ಬಹಳವಾಗಿ ಸಿಗುತ್ತಿದ್ದರು. ಅವರಲ್ಲಿ ಅನೇಕರನ್ನು ಮುಂಬಯಿಗೆ ತಂದು, ನಾಸಿಕದ ಬಳಿಯ ಶರಣಪುರದಲ್ಲಿದ್ದ ಆಫ್ರಿಕನ್ ಆಶ್ರಯಧಾಮಕ್ಕೆ ಸೇರಿಸಲಾಯಿತು. ಅಲ್ಲಿ ಮಕ್ಕಳಿಗೆ ಊಟ, ವಸತಿ, ಓದುಬರಹದ ಜೊತೆಗೆ ಬಡಗಿ ಕೆಲಸ, ಕಮ್ಮಾರಿಕೆ ಕಲಿಸಿದರು. ಲಿವಿಂಗ್‌ಸ್ಟನ್ 1864ರಲ್ಲಿ ತಮ್ಮ ಪುಟ್ಟ ಹಡಗು ‘ಲೇಡಿ ನ್ಯಾಸಾ’ವನ್ನು ತಾವೇ ನಡೆಸಿಕೊಂಡು 45 ದಿನಗಳಲ್ಲಿ ಮುಂಬಯಿ ಮುಟ್ಟಿದಾಗ ಅದರಲ್ಲಿ ಚುಮಾ ಎಂಬ ಬಾಲಕನೂ ಇದ್ದ. 1861ರಲ್ಲಿ ಗುಲಾಮರ ಸಾಲಿನಿಂದ ಬಿಡುಗಡೆಯಾದವನು. ಮುಂಬಯಿಯ ಶಾಲೆಯೊಂದು ಅವನನ್ನು ಸೇರಿಸಿಕೊಂಡಿತು. 1866ರಲ್ಲಿ ಕೊನೆಯ ಯಾತ್ರೆಗೆ ಹೊರಟಾಗ ಲಿವಿಂಗ್‌ಸ್ಟನ್ ಚುಮಾನನ್ನೂ ನಾಸಿಕದ ಒಂಬತ್ತು ಹುಡುಗರನ್ನೂ ಕರೆದುಕೊಂಡರು. ಮಗೊಮೆರೊದ ಮಕ್ಕಳಿಗೂ ನಾಸಿಕದ ಮಕ್ಕಳಿಗೂ ಸಿಕ್ಕಿದ್ದು ಒಂದೇ ಬಗೆಯ ಬಿಡುಗಡೆ. ಅವರ ಪಾಡು ಬೇರೆಯಾದದ್ದು ಬಿಡುಗಡೆಯ ಮರುದಿನದಿಂದ. ಒಂದು ಕಡೆ ಒಳ್ಳೆಯ ಮನಸ್ಸಿತ್ತು. ಒಣಗಿದ ನೆಲ, ಕುಡಿಯಲು ಯೋಗ್ಯ ನೀರು, ಸಾಕಷ್ಟು ಔಷಧ ಇರಲಿಲ್ಲ. ಇನ್ನೊಂದು ಕಡೆ ಇವೆಲ್ಲ ಒಂದು ಮಟ್ಟಕ್ಕಾದರೂ ಇದ್ದವು, ಮೇಲೊಂದು ಕಸುಬೂ ಸಿಕ್ಕಿತು.

ವ್ಯಾಪಾರವೇ ಒಂದು ರೋಗ

ವೈದ್ಯರ ಕಣ್ಣು ಗುಲಾಮಗಿರಿಯಲ್ಲಿ ಏನನ್ನು ಕಂಡಿತು ಎಂಬುದಕ್ಕೆ ಇನ್ನೊಬ್ಬ ವೈದ್ಯರ ಪುಸ್ತಕ ಆಧಾರ. 1869–70ರಲ್ಲಿ ಜಂಜಿಬಾರಿನಲ್ಲಿ ಕಾಲರಾ ಹೊಡೆದಾಗ ಅಲ್ಲಿ ವೈದ್ಯರಾಗಿದ್ದ ಜೇಮ್ಸ್ ಕ್ರಿಸ್ಟಿ, ರೋಗ ಯಾವ ದಾರಿಯಲ್ಲಿ ಬಂತೆಂದು ಹಿಂಬಾಲಿಸಿ ಹೋದರು. ವ್ಯಾಪಾರದ ಸಾಲುಗಳು ನಡೆದ ಹಾದಿಯಲ್ಲೇ ಕಾಲರಾ ನಡೆದಿತ್ತು. ಪೂರ್ವ ಆಫ್ರಿಕಾದ ಕಾಲರಾ ಕುರಿತ ಅವರ ಪುಸ್ತಕ 1876ರಲ್ಲಿ ಬಂತು. ಸರಕೂ ರೋಗವೂ ಒಂದೇ ಹಾದಿ ಹಿಡಿದಿರುವಾಗ, ಆ ಹಾದಿಯನ್ನು ಬಿಟ್ಟು ರೋಗವನ್ನು ಮಾತ್ರ ಹಿಡಿಯಲು ಬರುವುದಿಲ್ಲ. ಊರು ಸುಟ್ಟರೆ ಬಿತ್ತನೆ ನಿಲ್ಲುತ್ತದೆ. ಬಿತ್ತನೆ ನಿಂತರೆ ಹಸಿವು. ಹಸಿದ ಮೈಗೆ ಭೇದಿ, ಸಿಡುಬು, ಜ್ವರ. ಇದನ್ನು ಮೊದಲು ನೋಡುವವರು ಹಾಸಿಗೆಯ ಪಕ್ಕ ಕೂತವರೇ.

ಔಷಧ ತಪ್ಪಿದರೆ ವೈದ್ಯನ ಸ್ವಾತಂತ್ರ್ಯವೂ ತಪ್ಪುತ್ತದೆ ಎಂಬುದನ್ನು ಲಿವಿಂಗ್‌ಸ್ಟನ್ ತಮ್ಮ ಮೈಯಲ್ಲೇ ಅನುಭವಿಸಿದರು. 1867ರ ಜನವರಿಯಲ್ಲಿ ಹೊರೆಯಾಳುಗಳು ಅವರ ಔಷಧದ ಪೆಟ್ಟಿಗೆಯೊಂದಿಗೆ ಪರಾರಿಯಾದರು. ಮರಣದಂಡನೆಯ ಆದೇಶ ಕೇಳಿದಂತಾಯಿತೆಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಅಲ್ಲಿಂದ ಮುಂದೆ ಊಟಕ್ಕೆ, ಶುಶ್ರೂಷೆಗೆ, ದಾರಿಗೆ ಅವರು ಆಶ್ರಯಿಸಬೇಕಾದದ್ದು ತಾವು ದ್ವೇಷಿಸುತ್ತಿದ್ದ ಗುಲಾಮ ವ್ಯಾಪಾರಿಗಳನ್ನೇ. 1871ರ ಜುಲೈ 15ರಂದು ಕಾಂಗೊ ಒಳನಾಡಿನ ನ್ಯಾಂಗ್ವೆ ಸಂತೆಯಲ್ಲಿ, ಹೆಚ್ಚಾಗಿ ಹೆಂಗಸರೇ ಸೇರಿದ್ದ ಜನರ ಮೇಲೆ ವ್ಯಾಪಾರಿಗಳ ಆಳುಗಳು ಗುಂಡು ಹಾರಿಸಿದರು. ನದಿಗೆ ಹಾರಿ ಮುಳುಗಿದವರೂ ಸೇರಿ ಸತ್ತವರು ಮುನ್ನೂರ ಮೂವತ್ತರಿಂದ ನಾನೂರು ಎಂಬುದು ವ್ಯಾಪಾರಿಗಳೇ ಕೊಟ್ಟ ಅಂದಾಜು. ಕಾಗದ ಮುಗಿದಿದ್ದ ಲಿವಿಂಗ್‌ಸ್ಟನ್ ಹಳೆಯ ವೃತ್ತಪತ್ರಿಕೆಯ ಹಾಳೆಗಳ ಮೇಲೆ, ಕಾಯಿಯ ರಸದ ಶಾಯಿಯಲ್ಲಿ ಆ ದಿನಗಳ ಟಿಪ್ಪಣಿ ಬರೆದರು. ಈ ಹತ್ಯೆಯ ವರ್ಣನೆ 1872ರಲ್ಲಿ ಪತ್ರಕರ್ತ ಸ್ಟಾನ್ಲಿಯ ಕೈಯಲ್ಲಿ ಲಂಡನ್ ತಲುಪಿತು.

ಆ ಸಾಕ್ಷ್ಯವನ್ನು ಕಾನೂನಾಗಿ ಮಾಡುವ ಭಾರ ಬಿದ್ದದ್ದು ಕಿರ್ಕ್ ಮೇಲೆ. ಅವರು 1866ರಿಂದ ಜಂಜಿಬಾರಿನ ಬ್ರಿಟಿಷ್ ಕಚೇರಿಯಲ್ಲಿ ವೈದ್ಯರಾಗಿದ್ದು, ಮುಂದೆ ಕಾನ್ಸಲ್ ಹುದ್ದೆಗೆ ಏರಿದ್ದರು. ವರ್ಷಕ್ಕೆ ಸುಮಾರು 20,000 ಗುಲಾಮರು ಆ ದ್ವೀಪದ ಮೂಲಕ ಸಾಗುತ್ತಾರೆಂಬುದು ಅಂದಿನ ಬ್ರಿಟಿಷ್ ಅಧಿಕಾರಿಗಳ ಲೆಕ್ಕ. ಹಿಂದೆ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಬಾರ್ಟಲ್ ಫ್ರೀರ್ 1873ರ ಆರಂಭದಲ್ಲಿ ಸುಲ್ತಾನ್ ಬರ್ಗಾಶ್‌ರ ಜೊತೆ ಮಾತುಕತೆ ನಡೆಸಿ ಬರಿಗೈಯಲ್ಲಿ ಮರಳಿದರು. ನೌಕಾ ದಿಗ್ಬಂಧನದ ಬೆದರಿಕೆಯೊಡನೆ ಕಿರ್ಕ್ ಮತ್ತೆ ಮಾತಿಗೆ ಕೂತರು. ಜೂನ್ 5ರಂದು ಒಪ್ಪಂದಕ್ಕೆ ಸಹಿ ಬಿತ್ತು. ಗುಲಾಮರ ಸಂತೆ ಮುಚ್ಚಿತು. ಲಿವಿಂಗ್‌ಸ್ಟನ್ ಅದಕ್ಕೆ ಐದು ವಾರ ಮೊದಲು, ಮೇ 1ರಂದು, ಇಂದಿನ ಜಾಂಬಿಯಾದ ಚಿತಾಂಬೊ ಎಂಬ ಹಳ್ಳಿಯಲ್ಲಿ ತೀರಿಕೊಂಡಿದ್ದರು. ಆದರೆ ಸಹಿಯೂ ಒಂದು ಗರಗಸವೇ. ಕಡಲ ದಾರಿ ಮುಚ್ಚಿದ್ದೇ ವ್ಯಾಪಾರಿಗಳು ಗುಲಾಮರನ್ನು ನೆಲದ ದಾರಿಯಲ್ಲಿ ನಡೆಸಿದರು. ಅದನ್ನು ತಡೆಯಲು 1876ರಲ್ಲಿ ಮತ್ತೆ ಆದೇಶ ಬೇಕಾಯಿತು. ಜಂಜಿಬಾರಿನಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆ ಹೋದದ್ದು 1897ರಲ್ಲಿ.

ಆಕ್ಷೇಪಗಳಿಗೆ ಉತ್ತರ

ಈ ವೈದ್ಯರು ಸಾಮ್ರಾಜ್ಯಕ್ಕೆ ದಾರಿ ಮಾಡಿಕೊಟ್ಟವರು ಎಂಬುದು ಮೊದಲ ಆಕ್ಷೇಪ, ಬಲವಾದದ್ದು ಕೂಡ. ಕೊಯಿನಾ ಇಲ್ಲದಿದ್ದರೆ ಯುರೋಪಿನ ಸೈನ್ಯಗಳಿಗೆ ಆಫ್ರಿಕಾದ ಒಳನಾಡು ಅಷ್ಟು ಬೇಗ ದಕ್ಕುತ್ತಿರಲಿಲ್ಲ. ಗುಲಾಮಗಿರಿ ಅಳಿಸುತ್ತೇವೆಂಬ ಮಾತನ್ನೇ ಮುಂದಿಟ್ಟುಕೊಂಡು ಮುಂದಿನ ದಶಕಗಳಲ್ಲಿ ಆ ಖಂಡವನ್ನು ಹಂಚಿಕೊಂಡರು. 1861ರ ಅದೇ ತಿಂಗಳು ಲಿವಿಂಗ್‌ಸ್ಟನ್‌ರ ತಂಡ ಯಾವೊ ಜನರೊಂದಿಗೆ ಗುಂಡಿನ ಕಾಳಗಕ್ಕೂ ಇಳಿದಿತ್ತು. ಮಿಷನ್ನಿನವರು ಊರಿಗೆ ಬೆಂಕಿಯಿಟ್ಟದ್ದೂ ಉಂಟು. ಇದನ್ನು ಮುಚ್ಚಿಡುವುದು ತಪ್ಪು. ಆದರೆ ಇದರಿಂದ ಸಿದ್ಧವಾಗುವುದು, ಮೇಲಿನಿಂದ ಬಂದ ಕೈ ಬಿಡುಗಡೆ ಮಾಡಿದರೆ ಆ ಕೈಗೇ ಒಡೆತನ ಸಿಗುವ ಅಪಾಯವಿದೆ ಎಂಬುದು. ಚುಮಾನಂಥ ಹುಡುಗ ಕವೆಗೋಲಿನಲ್ಲೇ ಇರಬೇಕಿತ್ತು ಎಂಬುದು ಸಿದ್ಧವಾಗುವುದಿಲ್ಲ. ನಾಸಿಕದ ಮಕ್ಕಳ ಹೆಸರು, ಧರ್ಮ, ಭಾಷೆ ಬದಲಾದದ್ದೂ ಇದೇ ತಕ್ಕಡಿಗೆ ಬರುತ್ತದೆ. ಉಳಿಸಿದ ಕೈ ಆ ಮಕ್ಕಳನ್ನು ಕೇಳದೆಯೇ ಅವರನ್ನು ತನ್ನಂತೆ ರೂಪಿಸಿತು. ಮಗುವಿನ ಮುಂದಿನ ಬದುಕಿನ ಬಗ್ಗೆ ಮಗುವನ್ನೂ ಕೇಳಬೇಕೆಂಬ ಇಂದಿನ ನಿಯಮ ಹುಟ್ಟಿದ್ದು ಇಂಥ ತಪ್ಪುಗಳ ಅರಿವಿನಿಂದ.

ದೋಷ ಹೊರಗಿನವರದಷ್ಟೇ ಎನ್ನಲೂ ಬರುವುದಿಲ್ಲ. ಜಂಜಿಬಾರಿನ ಸುಂಕ ವಸೂಲಿಯ ಗುತ್ತಿಗೆ ದಶಕಗಳ ಕಾಲ ಕಛ್ ಮೂಲದ ಜಯರಾಮ್ ಶಿವಜಿಯ ಕೋಠಿಯ ಕೈಯಲ್ಲಿತ್ತು. ಒಳನಾಡಿಗೆ ಹೊರಡುವ ವ್ಯಾಪಾರಿಗಳಿಗೆ ಬಟ್ಟೆ, ಮಣಿಗಳನ್ನು ಸಾಲ ಕೊಡುತ್ತಿದ್ದವರಲ್ಲಿ ಭಾರತದ ವರ್ತಕರು ಪ್ರಮುಖರು. ಕನ್ನಡ ನಾಡಿಗೂ ಈ ಕಥೆಯ ಒಂದು ಎಳೆ ಬಂದಿದೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿ ಜನರ ಹಿರೀಕರಲ್ಲಿ ಬಹುಪಾಲು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಸರಪಳಿ ಕಳಚಿದ್ದಕ್ಕೂ ಸರ್ಕಾರ ಗುರುತಿಸಿದ್ದಕ್ಕೂ ನಡುವೆ ತಲೆಮಾರುಗಳೇ ಉರುಳಿದವು.

ವೈದ್ಯರ ಕೆಲಸ ರೋಗಿಯನ್ನು ನೋಡುವುದು, ಬಿಡುಗಡೆ ಸರ್ಕಾರದ ಕೆಲಸ ಎಂಬುದು ಎರಡನೇ ಆಕ್ಷೇಪ. ಇದಕ್ಕೆ ಉತ್ತರ ನಮ್ಮ ಜೀತದಲ್ಲೇ ಇದೆ. ಕವೆಗೋಲಿನ ಜಾಗದಲ್ಲಿ ಇಲ್ಲಿರುವುದು ಸಾಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಈ ನಂಟು ಗೊತ್ತು: ತೀರದ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ. ಮದುವೆ, ಸಾವು, ಕಾಯಿಲೆ ಇವೇ ಸಾಲ ಹುಟ್ಟುವ ಮನೆಗಳು. ಮೂರರಲ್ಲಿ ಕಾಯಿಲೆ ಹೇಳದೆ ಬರುತ್ತದೆ. ಹತ್ತಿರದಲ್ಲಿ ವೈದ್ಯರಿಲ್ಲದ ಊರಿನಲ್ಲಿ ಚಿಕ್ಕ ಜ್ವರ ದೊಡ್ಡದಾಗಿ, ಬಾಡಿಗೆ ವಾಹನ ಮಾಡಿ ಪಟ್ಟಣದ ಆಸ್ಪತ್ರೆಗೆ ಓಡುವ ಹೊತ್ತಿಗೆ ದಣಿಯಿಂದ ಮುಂಗಡ ತಂದಾಗಿರುತ್ತದೆ. ಆ ಮುಂಗಡಕ್ಕೆ ದುಡಿಯಲು ಮನೆಯ ಮಗು ಹೋಗುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಭರಿಸುವ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ರಲ್ಲಿ ಶೇ 39.4ಕ್ಕೆ ಇಳಿದಿದೆ ಎನ್ನುತ್ತದೆ ಸರ್ಕಾರದ ಲೆಕ್ಕ. ಇಳಿಕೆ ಸಂತೋಷದ ಸಂಗತಿ. ಉಳಿದ ಪಾಲೂ ಬಡವರ ಮನೆಗೆ ಸಣ್ಣದಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಇದ್ದಾರೆ, ಔಷಧ ಇದೆ ಎಂದರೆ ಒಂದು ಮುಂಗಡ ತಪ್ಪಿತು ಎಂದೇ ಅರ್ಥ.

ಮಗು ಬಿಡುಗಡೆಯಾದ ದಿನವೂ ವೈದ್ಯರ ಪಾತ್ರ ಮುಗಿಯುವುದಿಲ್ಲ. ಶಾಲೆಯ ದಾಖಲೆಯಾಗಲೀ ಜನನ ಪ್ರಮಾಣಪತ್ರವಾಗಲೀ ಇಲ್ಲದ ಮಗುವಿನ ವಯಸ್ಸನ್ನು ಮೂಳೆಯ ಪರೀಕ್ಷೆಯಿಂದ ಹೇಳಬೇಕಾದವರು ವೈದ್ಯರು. ಬಾಲಕಾರ್ಮಿಕ ಕಾನೂನು ಆ ಮಗುವಿಗೆ ಅನ್ವಯಿಸುತ್ತದೋ ಇಲ್ಲವೋ ಎಂಬುದು ಆ ಮಾತಿನ ಮೇಲೆ ನಿಲ್ಲುತ್ತದೆ. ಮೈಮೇಲಿನ ಗಾಯ, ಕೆಮ್ಮು, ರಕ್ತಹೀನತೆಯನ್ನು ಬರೆದಿಟ್ಟರೆ ಮಾತ್ರ ಮೊಕದ್ದಮೆ ನಿಲ್ಲುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದ ಮೇಲೂ ಬಿಡಿಸಿದವರು ಮತ್ತೆ ಜೀತಕ್ಕೆ ಮರಳುವುದನ್ನು ಕಂಡ ಸುಪ್ರೀಂ ಕೋರ್ಟ್, 1984ರ ನೀರಜಾ ಚೌಧರಿ ಪ್ರಕರಣದಲ್ಲಿ ಪುನರ್ವಸತಿ ಇಲ್ಲದ ಬಿಡುಗಡೆ ಅವರನ್ನು ಹಸಿವಿಗೆ ದೂಡುತ್ತದೆಂದು ಎಚ್ಚರಿಸಿತು. 2016ರ ಕೇಂದ್ರ ಯೋಜನೆ ಬಿಡುಗಡೆಯಾದ ಮಗುವಿಗೆ 2 ಲಕ್ಷ ರೂಪಾಯಿ ನೆರವು ಇಟ್ಟಿದೆ. ಹಣ ಬೇಕು. ಆದರೆ ಮಗೊಮೆರೊದ ಮಕ್ಕಳನ್ನು ಕೊಂದದ್ದು ಹಣದ ಕೊರತೆಗಿಂತ ನೀರು, ಚರಂಡಿ, ಔಷಧದ ಕೊರತೆ ಎಂಬುದನ್ನು ನೆನೆದರೆ, ಬಿಡುಗಡೆ ಪ್ರಮಾಣಪತ್ರದ ಜೊತೆಗೇ ಮಗುವಿನ ಹೆಸರಿನಲ್ಲಿ ಆರೋಗ್ಯ ತಪಾಸಣೆಯ ಪುಸ್ತಕವೊಂದು ತೆರೆಯಬೇಕು, ತೂಕ, ರಕ್ತ, ನಿದ್ದೆ, ಶಾಲೆಯ ಹಾಜರಿಗಳನ್ನು ವರ್ಷಗಟ್ಟಲೆ ಅದರಲ್ಲಿ ಬರೆಯುತ್ತಾ ಹೋಗಬೇಕು. ಉಪವಿಭಾಗಾಧಿಕಾರಿಯ ಸಹಿ ಎಷ್ಟು ಮುಖ್ಯವೋ ಆಶಾ ಕಾರ್ಯಕರ್ತೆಯ ಮನೆಭೇಟಿ ಅಷ್ಟೇ ಮುಖ್ಯ. ಈಗಾಗಲೇ ಕೆಲಸದ ಹೊರೆಯಲ್ಲಿರುವ ಹಳ್ಳಿ ವೈದ್ಯರ ಮೇಲೆ ಇನ್ನೊಂದು ಭಾರವೇ ಎಂದು ಕೇಳುವವರಿದ್ದಾರೆ. ಭಾರ ನಿಜ. ಅದಕ್ಕೆ ಪರಿಹಾರ ಖಾಲಿ ಹುದ್ದೆ ತುಂಬುವುದು. ಮಗುವನ್ನು ಕಡತದಿಂದ ಕೈಬಿಡುವುದು ಪರಿಹಾರವಾಗದು. ಜಗತ್ತಿನಲ್ಲಿ 2024ರಲ್ಲೂ 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿವೆ, ಅವರಲ್ಲಿ 5.4 ಕೋಟಿ ಮಕ್ಕಳದು ಅಪಾಯದ ಕೆಲಸ.

ಲಿವಿಂಗ್‌ಸ್ಟನ್‌ರ ಕೊನೆಯ ದಿನಗಳಿಗೆ ಮರಳಿದರೆ ಈ ವಾದದ ಫಲ ಕಾಣುತ್ತದೆ. ಚಿತಾಂಬೊದ ಗುಡಿಸಲಿನಲ್ಲಿ ವೈದ್ಯರು ತೀರಿಕೊಂಡಾಗ ಸುತ್ತ ಇದ್ದವರು ಅವರ ಆಫ್ರಿಕನ್ ಸಂಗಾತಿಗಳು ಮಾತ್ರ. ಜಂಜಿಬಾರಿನಲ್ಲಿ ವೈದ್ಯರೊಬ್ಬರ ಬಳಿ ಕೆಲಸಕ್ಕಿದ್ದ ಫರಿಜಾಲಾ ಮತ್ತು ನಾಸಿಕದಲ್ಲಿ ಕಲಿತ ಕಾರಸ್ ಫರಾರ್ ಶವವನ್ನು ಸೀಳಿ, ಹೃದಯವನ್ನು ಎಂಪುಂಡು ಮರದ ಬುಡದಲ್ಲಿ ಹೂತು, ಮೈಗೆ ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದರು. ನಾಸಿಕದ ಇನ್ನೊಬ್ಬ ಹುಡುಗ ಜೇಕಬ್ ವೇನ್‌ರೈಟ್ ಪ್ರಾರ್ಥನೆ ಓದಿ, ಆ ಮರದ ತೊಗಟೆಯಲ್ಲಿ ವೈದ್ಯರ ಹೆಸರು, ತಾರೀಖು ಕೆತ್ತಿದ. ಚುಮಾ, ಇನ್ನೊಬ್ಬ ಸಂಗಾತಿ ಸುಸಿ ಮತ್ತು ಸಂಗಡಿಗರು ದೇಹವನ್ನು ಸಾವಿರಕ್ಕೂ ಹೆಚ್ಚು ಮೈಲಿ ಹೊತ್ತು ಕಡಲತೀರ ಮುಟ್ಟಿಸಿದರು. 1874ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಂತ್ಯಕ್ರಿಯೆ ನಡೆದಾಗ ಜೇಕಬ್ ಅಲ್ಲಿದ್ದ. ಚುಮಾ ಮತ್ತು ಸುಸಿ ಆಮೇಲೆ ಇಂಗ್ಲೆಂಡಿಗೆ ಹೋಗಿ, ದಿನಚರಿಗಳನ್ನು ಪುಸ್ತಕಕ್ಕೆ ಅಣಿಗೊಳಿಸುವ ಕೆಲಸದಲ್ಲಿ ನೆರವಾದರು. ಚುಮಾ, ಜೇಕಬ್‌ರಂಥವರು ಗುಲಾಮರ ಸಾಲಿನಿಂದ, ಹಾಯಿಹಡಗಿನ ತಳದಿಂದ ಬಂದ ಮಕ್ಕಳು. ಮರದ ತೊಗಟೆಯಲ್ಲಿ ಆ ಅಕ್ಷರಗಳು ಮೂಡಿದ್ದು, ಹಗ್ಗ ಕೊಯ್ದ ಮೇಲೂ ಯಾರೋ ಆ ಮಕ್ಕಳಿಗೆ ಅನ್ನವಿಟ್ಟು, ಜ್ವರ ನೋಡಿ, ಓದಲು ಕಲಿಸಿದ್ದರಿಂದ.